ಒಪ್ಪಿದ ಸಾಲ, ಒಪ್ಪಿಸಿದ ಸಾಲ: ಮಿತಾಕ್ಷರೆಯ ಒಂದು ಪದ ಮತ್ತು ರಾಯಚೂರು ದೋಆಬಿನ ಅಡವು

ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಚರಿತ್ರೆಯನ್ನು ಬರೆಯುವವರು 1853ರಿಂದ 1860ರವರೆಗಿನ ಏಳು ವರ್ಷಗಳನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ನಿಜಾಮನ ಸಾಲದ ಬಾಬತ್ತು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ತರುವಾಯ ಹಿಂದಿರುಗಿತು ಎಂಬಲ್ಲಿಗೆ ವಿಷಯ ನಿಲ್ಲುತ್ತದೆ. ಆ ಸಾಲ ನಿಜವಾಗಿಯೂ ಇತ್ತೆ, ಇದ್ದರೆ ಎಷ್ಟಿತ್ತು, ಅದನ್ನು ಯಾರು ಯಾವ ಆಧಾರದಿಂದ ಸಿದ್ಧಪಡಿಸಿದರು, ತೆರುವುದಕ್ಕೆ ಮೊದಲು ಲೆಕ್ಕವನ್ನು ನೋಡಬೇಕೆಂದು ಯಾರಾದರೂ ಹಟ ಹಿಡಿದರೆ ಎಂಬ ಪ್ರಶ್ನೆಗಳು ಉಳಿದೇ ಇವೆ. ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಕುರಿತದ್ದು.

ಮಧ್ಯಕಾಲೀನ ಸಾಹಿತ್ಯದ ಅಧ್ಯಾಪಕನೊಬ್ಬ ಹತ್ತೊಂಬತ್ತನೆಯ ಶತಮಾನದ ಹಣಕಾಸಿಗೆ ಕೈಹಾಕಿದ್ದೇಕೆ ಎಂದು ಓದುಗರು ಕೇಳಬಹುದು. ಕಾರಣ ತೀರ ಖಾಸಗಿಯಾದದ್ದು. ರಾಯಚೂರಿನಲ್ಲಿದ್ದ ನನ್ನ ಅಣ್ಣ ತೀರಿಕೊಂಡ ಮರುವರ್ಷ, ಅವನ ಹಳೆಯ ಸಾಲವೊಂದಕ್ಕೆ ನಾನು ಜಾಮೀನು ನಿಂತಿದ್ದೆನೆಂದು ತಿಳಿಸಿ, ಇಂತಿಷ್ಟು ರೂಪಾಯಿಗಳನ್ನು ಹತ್ತು ದಿನಗಳೊಳಗೆ ಕಟ್ಟಬೇಕೆಂದು ಹೈದರಾಬಾದಿನ ವಸೂಲಿ ಸಂಸ್ಥೆಯೊಂದರಿಂದ ಕಾಗದ ಬಂದಿತು. ಅದರಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ಅಣ್ಣ ಕಟ್ಟಿದ್ದೆಷ್ಟು ಎಂಬುದಿರಲಿಲ್ಲ. ದೂರವಾಣಿಯಲ್ಲಿ ಮಾತನಾಡಿದ ತರುಣನು ಬಹಳ ವಿನಯದಿಂದಲೇ, 'ಸರ್, ಈಗ ಸ್ವಲ್ಪ ಕಟ್ಟಿಬಿಡಿ, ಲೆಕ್ಕ ಆಮೇಲೆ ನೋಡೋಣ' ಎಂದನು. ಮನೆಯಲ್ಲಿ ಎರಡು ಅಭಿಪ್ರಾಯಗಳಾದವು. ಸತ್ತವನ ಸಾಲದ ಲೆಕ್ಕ ಕೇಳುವುದು ಅವನ ಮಾತನ್ನೇ ಶಂಕಿಸಿದಂತೆ ಎಂದು ಅತ್ತಿಗೆ ನೊಂದುಕೊಂಡರು. ಕೇಳದೆ ಕಟ್ಟಿದರೆ ಅವನು ಕಟ್ಟಿದ್ದನ್ನೇ ಮತ್ತೆ ಕಟ್ಟಿದಂತಾದೀತೆಂಬುದು ನನ್ನ ಅಳುಕು. ಆ ವಾರ ನಾನು ಪಾಠಕ್ಕಾಗಿ ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ಓದುತ್ತಿದ್ದುದು ಕಾಕತಾಳೀಯ.

ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನವೆಂಬುದು, ಅವನು ಆರನೆಯ ವಿಕ್ರಮಾದಿತ್ಯನ (1076-1126) ರಾಜಧಾನಿಯಾಗಿದ್ದ ಕಲ್ಯಾಣದಲ್ಲಿದ್ದನೆಂಬುದು ಸರ್ವವಿದಿತ. ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಅವನ ಹೆಸರನ್ನು ವಿದ್ವಾಂಸರು ಸೇರಿಸಿದ್ದಾರೆ. ಕಲ್ಯಾಣವಾಗಲಿ ಮರತೂರಾಗಲಿ 1956ರವರೆಗೆ ಹೈದರಾಬಾದು ರಾಜ್ಯದೊಳಗೇ ಇದ್ದ ಊರುಗಳು. ಈ ಗ್ರಂಥವು ದಾಯಭಾಗದ ಕಾರಣದಿಂದ ಲೋಕಪ್ರಸಿದ್ಧವಾದುದರಿಂದ ಇದರ ಋಣಾದಾನ ಪ್ರಕರಣವು ನಮ್ಮವರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ವಾಸ್ತವವಾಗಿ ಸಾಲ ಕೊಟ್ಟವನಿಗೂ ಕೊಂಡವನಿಗೂ ನಡುವಣ ವ್ಯಾಜ್ಯವು ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು. ಕೊಟ್ಟವನು ಉತ್ತಮರ್ಣ, ಕೊಂಡವನು ಅಧಮರ್ಣ. ಪದಗಳಲ್ಲಿಯೇ ಮೇಲುಕೀಳು ಅಡಗಿದೆಯಾದರೂ ನಿಯಮಗಳು ಅಷ್ಟು ಏಕಪಕ್ಷೀಯವಾಗಿಲ್ಲ.

ಸಾಲವನ್ನು ತಾನೇ ವಸೂಲು ಮಾಡಿಕೊಳ್ಳುವ ಉತ್ತಮರ್ಣನನ್ನು ರಾಜನು ತಡೆಯಬಾರದೆಂದು ಯಾಜ್ಞವಲ್ಕ್ಯನ ವಿಧಿಯಿದೆ. ಅಂಥ ವಸೂಲಿಯ ವಿರುದ್ಧ ಅರಮನೆಗೆ ದೂರು ಹೋದ ಸಾಲಗಾರನು ದಂಡಾರ್ಹನೂ ಹೌದು. ಮೇಲ್ನೋಟಕ್ಕೆ ಇದು ಸಾಹುಕಾರನ ಕೈಗೆ ಕೋಲು ಕೊಟ್ಟಂತೆಯೇ ಕಾಣುತ್ತದೆ. ಆದರೆ ಈ ವಿಧಿಯ ಬಾಗಿಲಲ್ಲಿಯೇ ಒಂದು ವಿಶೇಷಣವಿದೆ: ವಸೂಲು ಮಾಡುವ ಅರ್ಥವು 'ಪ್ರಪನ್ನ'ವಾಗಿರಬೇಕು. ವಿಜ್ಞಾನೇಶ್ವರನು ಇದನ್ನು ಅಧಮರ್ಣನು ತಾನಾಗಿ ಒಪ್ಪಿಕೊಂಡದ್ದು, ಇಲ್ಲವೆ ಸಾಕ್ಷಿ ಮೊದಲಾದವುಗಳಿಂದ ಸಿದ್ಧವಾದದ್ದು ಎಂದು ಬಿಡಿಸುತ್ತಾನೆ. ಮನುವು ಹೇಳಿದ ಐದು ಉಪಾಯಗಳು, ಎಂದರೆ ಒಳ್ಳೆಯ ಮಾತು, ವ್ಯವಹಾರ, ಉಪಾಯಾಂತರದ ವಂಚನೆ, ಬಾಗಿಲಲ್ಲಿ ಉಪವಾಸ ಕೂರುವ ಆಚರಿತ, ಕೊನೆಗೆ ಬಲಾತ್ಕಾರ, ಇವೆಲ್ಲ ಪ್ರಪನ್ನ ಋಣಕ್ಕೆ ಮಾತ್ರ ಸಲ್ಲುತ್ತವೆ. ವಿವಾದವಿದೆ, ನ್ಯಾಯದ ಮುಂದೆ ಬರುತ್ತೇನೆ ಎನ್ನುವ ಸಾಲಗಾರನನ್ನು ಪೀಡಿಸಿದ ಸಾಹುಕಾರನು ಆ ಹಣವನ್ನೇ ಕಳೆದುಕೊಂಡು ಅಷ್ಟೇ ಮೊತ್ತದ ದಂಡವನ್ನೂ ತೆರಬೇಕೆಂಬ ಕಾತ್ಯಾಯನನ ವಚನವನ್ನು ಧರ್ಮನಿಬಂಧಕಾರರು ಉದ್ಧರಿಸುತ್ತಾರೆ.

ಹೀಗಾಗಿ ಇಡೀ ಪ್ರಕರಣದ ಭಾರವು ಪ್ರಪನ್ನವೆಂಬ ಒಂದು ಪದದ ಮೇಲೆ ನಿಂತಿದೆ. ಸಾಲವಿದೆಯೇ ಎಂಬುದು ಮೊದಲ ಪ್ರಶ್ನೆ. ಹೇಗೆ ವಸೂಲು ಮಾಡಬೇಕೆಂಬುದು ಆಮೇಲಿನದು. ಇವೆರಡರ ನಡುವೆ ಒಂದು ಹೊಸ್ತಿಲಿದೆ. ಸಾಲಗಾರನು 'ಹೌದು' ಎಂದ ಕ್ಷಣದಲ್ಲಿ ಆ ಹೊಸ್ತಿಲು ದಾಟಿದಂತೆ. ಆಮೇಲೆ ಅವನಿಗೆ ಅರಮನೆಯ ಆಸರೆಯೂ ಇಲ್ಲ.

ಒಪ್ಪಿಗೆಗೆ ಇಷ್ಟು ತೂಕವಿರುವುದರಿಂದಲೇ ಅದನ್ನು ಕಾಗದಕ್ಕೆ ಇಳಿಸುವ ವಿಧಾನವು ಸ್ಮೃತಿಯಲ್ಲಿ ಬಹಳ ಸೂಕ್ಷ್ಮವಾಗಿದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ತಂದೆಯ ಹೆಸರು ಇರಬೇಕು. ಮೇಲೆ ಬರೆದುದು ನನಗೆ ಸಮ್ಮತವೆಂದು ಸಾಲಗಾರನು ಸ್ವಹಸ್ತದಿಂದ ಬರೆಯಬೇಕು, ಸಾಕ್ಷಿಗಳು ತಂತಮ್ಮ ತಂದೆಯರ ಹೆಸರುಗಳೊಡನೆ ಬರೆಯಬೇಕು, ಇದನ್ನು ಬರೆದವನು ತಾನೆಂದು ಲಿಪಿಕಾರನು ಕೊನೆಯಲ್ಲಿ ಹೇಳಬೇಕು. ಕಂತು ಕಟ್ಟಿದಾಗಲೆಲ್ಲ ಆ ಪತ್ರದ ಬೆನ್ನಿನ ಮೇಲೆಯೇ ಅದನ್ನು ನಮೂದಿಸಬೇಕು, ಇಲ್ಲವೆ ಸಾಹುಕಾರನು ತನ್ನ ಕೈಬರಹದ ಗುರುತುಳ್ಳ ರಸೀದಿ ಕೊಡಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಅಥವಾ ಶುದ್ಧಿಗಾಗಿ ಬೇರೊಂದು ಪತ್ರವನ್ನು ಮಾಡಿಸಬೇಕು. ತಂದೆಯು ಸತ್ತರೆ ಅಥವಾ ದೇಶಾಂತರ ಹೋದರೆ ಮಕ್ಕಳು ಮೊಮ್ಮಕ್ಕಳು ಸಾಲ ತೀರಿಸಬೇಕಾದರೂ ಅವರು ಅಲ್ಲಗಳೆದಲ್ಲಿ ಸಾಕ್ಷಿಗಳಿಂದ ಸಿದ್ಧಪಡಿಸುವ ಹೊಣೆ ಕೇಳುವವನದು. ಈ ಮಾತನ್ನು ನಾನು ಅತ್ತಿಗೆಗೆ ಓದಿ ಹೇಳಿದೆ. ಸತ್ತವನ ಸಾಲದ ಲೆಕ್ಕ ಕೇಳುವುದು ಅಧರ್ಮವಲ್ಲವೆಂದು ತಿಳಿದು ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಸುಳ್ಳುಗಾರರಿಗೆ ವಿಧಿಸಿದ ದಂಡದಲ್ಲಿಯೂ ಒಂದು ಸ್ವಾರಸ್ಯವಿದೆ. ಇದ್ದ ಸಾಲವನ್ನು ಇಲ್ಲವೆಂದು ಹೇಳಿ ಸಿಕ್ಕಿಬಿದ್ದವನು ಸಾಲವನ್ನೂ ಅಷ್ಟೇ ಹಣವನ್ನು ರಾಜನಿಗೂ ಕೊಡಬೇಕು. ಇಲ್ಲದ ಸಾಲವನ್ನು ಇದೆಯೆಂದು ಕೇಳಿದವನು ಕೇಳಿದ್ದರ ಎರಡರಷ್ಟು ತೆರಬೇಕು. ಕಲ್ಯಾಣದ ಪಂಡಿತನು ಇಬ್ಬರನ್ನೂ ನಂಬಲಿಲ್ಲ.

ಈ ವಿಧಿಗಳು ಹಳ್ಳಿಯ ಆಚರಣೆಯಲ್ಲಿ ಎಷ್ಟರಮಟ್ಟಿಗೆ ಇಳಿದಿದ್ದವೆಂಬುದು ಬೇರೆಯೇ ಚರ್ಚೆ. ನಮ್ಮಲ್ಲಿ ಲೆಕ್ಕಪತ್ರಗಳನ್ನು ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಕಡತಗಳು ಪ್ರಸಿದ್ಧವಾಗಿವೆ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾದ ಅನುಕೂಲವೇ ಸಾಲಗಾರನಿಗೆ ಅಪಾಯವೂ ಆಗಿತ್ತೆಂದು ಊಹಿಸಬಹುದು. (ಸಾಲವೆಂಬ ಅರ್ಥದ 'ಕಡ'ಕ್ಕೂ ಕಡತಕ್ಕೂ ನಂಟು ಕಲ್ಪಿಸುವ ಆಸೆ ಯಾರಿಗಾದರೂ ಆದೀತು. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ.) ಸಾಲ, ಬಡ್ಡಿ, ಹೊಣೆ, ಒತ್ತೆ ಎಂಬ ಪದಗಳು ನಮ್ಮಲ್ಲಿ ಹಿಂದಿನಿಂದ ಬಂದವು. ತಗಾದೆ, ವಸೂಲಿ, ಬಾಕಿ, ಜಾಮೀನು, ರಸೀದಿ, ತಮಸ್ಸುಕು, ಫಾರಖತಿ ಇವು ಅರಬೀ ಫಾರಸಿಗಳ ದಾರಿಯಿಂದ ಬಂದವು. ಕೊಡು-ಕೊಳ್ಳುವ ಸಂಬಂಧದ ಮಾತು ಹಳೆಯದಾಗಿಯೇ ಉಳಿದು, ಕಚೇರಿಯ ಮಾತು ಮಾತ್ರ ಬದಲಾಯಿತೆಂದು ಹೇಳಬಹುದು.

ಇನ್ನು ಹೈದರಾಬಾದಿಗೆ ಬರೋಣ. ಕಂಪನಿಯಾಗಲಿ ನಿಜಾಮನಾಗಲಿ ಮಿತಾಕ್ಷರೆಯನ್ನು ನೋಡಿ ವ್ಯವಹರಿಸಿದರೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಪ್ಪಿಗೆಗೂ ವಸೂಲಿಗೂ ನಡುವೆ ವಿಜ್ಞಾನೇಶ್ವರನು ಗುರುತಿಸಿದ ಹೊಸ್ತಿಲನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಆ ಕಾಲದ ಘಟನೆಗಳು ಬೇರೊಂದು ಬಗೆಯಾಗಿ ಕಾಣುತ್ತವೆಂಬುದಷ್ಟೇ ನನ್ನ ವಾದ.

ಮೊದಲ ಉದಾಹರಣೆ ಪಾಮರ್ ಕಂಪನಿಯದು. ಅದು ಪ್ರಸಿದ್ಧವಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ದೇಶೀಯ ಅರಸರಿಗೆ ಬ್ರಿಟಿಷ್ ಪ್ರಜೆಗಳು ಸರ್ಕಾರದ ಅನುಮತಿಯಿಲ್ಲದೆ ಸಾಲ ಕೊಡಕೂಡದೆಂದು 1797ರ ಕಾಯಿದೆ ನಿಷೇಧಿಸಿತ್ತು. ಹೈದರಾಬಾದಿನ ವಿಲಿಯಂ ಪಾಮರ್ ಕಂಪನಿಗೆ 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವು ಈ ನಿಷೇಧದಿಂದ ವಿನಾಯಿತಿ ಕೊಟ್ಟನು. 1820ರಲ್ಲಿ ಚಂದೂಲಾಲನ ಆಡಳಿತಕ್ಕೆ 60 ಲಕ್ಷ ರೂಪಾಯಿಗಳ ಸಾಲ ಮಂಜೂರಾಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಲೆಕ್ಕ ಕೇಳಿದಾಗ ಆ ಅರವತ್ತರಲ್ಲಿ 8 ಲಕ್ಷವು ಪಾಲುದಾರರಿಗೆ ಸಂದ ಇನಾಮೆಂದೂ, ಉಳಿದದ್ದರಲ್ಲಿ ಬಹುಭಾಗವು ಹಳೆಯ ಬಾಕಿಯನ್ನೇ ಹೊಸ ಹೆಸರಿನಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಹಾಯಿಸಿದ್ದೆಂದೂ ಹೊರಬಿದ್ದಿತು. ಆದರೂ ಸಾಲವು ರದ್ದಾಗಲಿಲ್ಲ. ಉತ್ತರ ಸರ್ಕಾರಗಳ ಬಾಬತ್ತು ಕಂಪನಿಯು ನಿಜಾಮನಿಗೆ ವರ್ಷವರ್ಷವೂ ಕೊಡಬೇಕಾಗಿದ್ದ ಪೇಷ್ಕಷನ್ನು 1823ರಲ್ಲಿ ಒಂದು ಕೋಟಿಗೂ ಮೀರಿದ ಒಂದೇ ಮೊತ್ತವಾಗಿ ಪರಿವರ್ತಿಸಿ, ಆ ಹಣದಿಂದ ಪಾಮರನ ಸಾಲವನ್ನು ತೀರಿಸಲಾಯಿತು. ಲೆಕ್ಕವು ತಪ್ಪೆಂದು ಎಲ್ಲರಿಗೂ ತಿಳಿದ ಮೇಲೆ ಹಣ ಪಾವತಿಯಾಯಿತೆಂಬುದು ಇಲ್ಲಿಯ ವಿಪರ್ಯಾಸ. ಪಾಮರ್ ಕಂಪನಿ ಮರುವರ್ಷ ಮುರಿದುಬಿತ್ತು.

ಎರಡನೆಯ ಪ್ರಕರಣವು ನಮ್ಮ ಕನ್ನಡ ನೆಲಕ್ಕೆ ನೇರವಾಗಿ ಸಂಬಂಧಿಸಿದುದು. ಇದರ ಬೇರು 1800ರ ಒಪ್ಪಂದದಲ್ಲಿದೆ. ಆ ವರ್ಷ ನಿಜಾಮನು ಕಂಪನಿಯ ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಬಿಟ್ಟುಕೊಟ್ಟನು. ಅಲ್ಲಿಗೆ ಸೈನ್ಯದ ಲೆಕ್ಕ ತೀರಿದಂತೆಯೇ ಆಗಬೇಕಿತ್ತು. ಆದರೆ ಯುದ್ಧಕಾಲದಲ್ಲಿ ನಿಜಾಮನು 6,000 ಕಾಲಾಳು ಮತ್ತು 9,000 ಕುದುರೆ ದಂಡನ್ನು ಒದಗಿಸಬೇಕೆಂದು ಅದೇ ಒಪ್ಪಂದದ ಹನ್ನೆರಡನೆಯ ಕಲಮು ಹೇಳುತ್ತಿತ್ತು. ಇದರ ನೆರಳಿನಲ್ಲಿ ರೆಸಿಡೆಂಟ್ ಹೆನ್ರಿ ರಸೆಲ್ಲನು ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಒಂದು ಪ್ರತ್ಯೇಕ ದಳವನ್ನು ಕಟ್ಟಿದನು. ಅದೇ ಮುಂದೆ ಹೈದರಾಬಾದ್ ಕಾಂಟಿಂಜೆಂಟ್ ಎನಿಸಿತು. ಬೊಲಾರಂ, ಹಿಂಗೋಲಿ, ಎಲಿಚಪುರಗಳಂತೆ ನಮ್ಮ ಲಿಂಗಸುಗೂರೂ ಅದರ ಠಾಣ್ಯವಾಗಿತ್ತು. 1817-18ರ ಮರಾಠಾ ಯುದ್ಧ ಮುಗಿದ ಮೇಲೂ ಅದು ವಿಸರ್ಜನೆಯಾಗಲಿಲ್ಲ. ಅದಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ ಖರ್ಚಾಗುತ್ತಿತ್ತು. ಆಜ್ಞೆ ಕಂಪನಿಯದು, ಸಂಬಳ ನಿಜಾಮನದು.

ನಾಸಿರುದ್ದೌಲನ ಕಾಲದಲ್ಲಿ (1829-1857) ಸಂಬಳ ನಿಂತುಹೋದಾಗಲೆಲ್ಲ ರೆಸಿಡೆನ್ಸಿಯ ಖಜಾನೆಯಿಂದ ಮುಂಗಡ ಕೊಟ್ಟು ಅದನ್ನು ಬಡ್ಡಿಸಹಿತ ನಿಜಾಮನ ಲೆಕ್ಕಕ್ಕೆ ಬರೆಯತೊಡಗಿದರು. ಹೈದರಾಬಾದಿನ ಹಣಕಾಸು ಕೆಟ್ಟಿದ್ದುದು ನಿಜ, ಸಿಪಾಯಿಗಳಿಗೆ ಸಂಬಳ ಸಲ್ಲಬೇಕಾಗಿದ್ದುದೂ ನಿಜ. ಕಂಪನಿಯ ಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆಂದು ಬರೆದರೆ ಚರಿತ್ರೆಗೆ ಅಪಚಾರವಾಗುತ್ತದೆ. ಆದರೆ ಈ ಲೆಕ್ಕದಲ್ಲಿ ಕಾಂಟಿಂಜೆಂಟಿನ ಸಂಬಳವಲ್ಲದೆ ಅಪ್ಪಾ ದೇಸಾಯಿಯ ಚೌತಾಯಿ, ಮಹೀಪತರಾಮನ ಕುಟುಂಬದ ಭತ್ಯೆ, ಕೆಲವು ಮರಾಠಾ ಪಿಂಚಣಿಗಳೂ ಸೇರಿದ್ದವು. ಇವು ಬಿಡಿಯಾಗಿ ಎಷ್ಟೆಷ್ಟೆಂಬುದನ್ನು ಒಂದೇ ಮೊತ್ತವು ನುಂಗಿಹಾಕುತ್ತಿತ್ತು.

ಡಾಲ್‌ಹೌಸಿಯು 1851ರಲ್ಲಿ ಕಟುವಾದ ತಗಾದೆ ಹೂಡಿದಾಗ ನಿಜಾಮನು ಬಾಕಿಯ ದೊಡ್ಡದೊಂದು ಭಾಗವನ್ನು ಕಟ್ಟಿದನು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇಲ್ಲಿದೆ. ಮಾನವುಳ್ಳ ಅರಸನು ಸಾಲದ ಮಾತು ಕೇಳಿಸಿಕೊಳ್ಳಲಾರದೆ ಹಣ ಕಟ್ಟುವುದು ಸಹಜವೇ. ಆದರೆ ಲೆಕ್ಕವನ್ನು ಪರಿಶೀಲಿಸದೆ ಕಟ್ಟಿದ ಆ ಕಂತು ವಿವಾದಾಸ್ಪದ ಮೊತ್ತವನ್ನು ಪ್ರಪನ್ನ ಋಣವನ್ನಾಗಿ ಮಾಡಿತು. ಅದರ ಮೇಲೆ ನಡೆದ ಮಾತುಕತೆಯೆಲ್ಲ ಉಳಿದದ್ದನ್ನು ಎಂದು ಕೊಡುವಿರಿ ಎಂಬುದಾಗಿತ್ತೇ ವಿನಾ ಏಕೆ ಕೊಡಬೇಕು ಎಂಬುದಾಗಿರಲಿಲ್ಲ. ಶಾಂತಿಕಾಲದಲ್ಲಿ ಕಾಂಟಿಂಜೆಂಟನ್ನು ಸಾಕಲು 1800ರ ಒಪ್ಪಂದವು ನಿಜಾಮನನ್ನು ಕಟ್ಟಿಹಾಕುವುದಿಲ್ಲವೆಂದು ಸ್ವತಃ ಡಾಲ್‌ಹೌಸಿಯೇ 1853ರ ಮಾರ್ಚಿಯ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದನು. ಪ್ರಾಮಾಣಿಕನಾದವನು ಹಾಗೆ ವಾದಿಸಲಾರನೆಂಬುದು ಅವನ ಮಾತಿನ ತಾತ್ಪರ್ಯ. ಆದರೆ ನಿಜಾಮನು ಇಷ್ಟು ವರ್ಷ ತಡೆಯದೆ ನಡೆಸಿಕೊಂಡು ಬಂದುದೇ ಅವನ ಸಮ್ಮತಿಯೆಂದು ಆ ವಾದವನ್ನು ಬೇರೊಂದು ಬಾಗಿಲಿನಿಂದ ಒಳತರಲಾಯಿತು.

ನಿಜಾಮನ ಕಡೆಯಿಂದ ಮಂಡಿಸಬಹುದಾದ ಎದುರುಲೆಕ್ಕವೊಂದಿತ್ತು. ಸಿಕಂದರಾಬಾದು ಮತ್ತು ಜಾಲ್ನಾ ದಂಡುಪ್ರದೇಶಗಳ ಅಬಕಾರಿ ಹುಟ್ಟುವಳಿಯು ನಿಜಾಮನ ಸೀಮೆಯಲ್ಲಿ ಹುಟ್ಟಿದ್ದು, ಅವನಿಗೇ ಸಲ್ಲತಕ್ಕದ್ದು. ಅದನ್ನು 1812ರಿಂದ 1853ರವರೆಗೆ ಕಂಪನಿಯೇ ಇಟ್ಟುಕೊಂಡಿತ್ತು. ವರ್ಷಕ್ಕೆ ಸುಮಾರು ಒಂದು ಲಕ್ಷದಂತೆ ಎಣಿಸಿದರೂ ಅದು 41 ಲಕ್ಷವಾಗುತ್ತದೆ. ಕಂಪನಿ ಕೇಳುತ್ತಿದ್ದುದು ಅದರ ರೂಪಾಯಿಯಲ್ಲಿ ಸುಮಾರು 43 ಲಕ್ಷ, ಹೈದರಾಬಾದಿನ ನಾಣ್ಯದಲ್ಲಿ ಸುಮಾರು 50 ಲಕ್ಷ. ಎರಡನ್ನೂ ಒಂದೇ ಹಾಳೆಯ ಎಡಬಲಗಳಲ್ಲಿ ಬರೆದಿದ್ದರೆ ಒಂದು ಪ್ರಾಂತವನ್ನು ಬಿಟ್ಟುಕೊಡುವಷ್ಟು ಬಾಕಿ ಉಳಿಯುತ್ತಿರಲಿಲ್ಲ. ಪರಸ್ಪರ ಸಾಲಗಳನ್ನು ಒಂದಕ್ಕೊಂದು ವಜಾ ಹಾಕಿ ಉಳಿದದ್ದನ್ನು ಮಾತ್ರ ಕೇಳಬೇಕೆಂಬ ಕಾನೂನು ಕಂಪನಿಯವರ ಸ್ವದೇಶದಲ್ಲಿ 1729ರಷ್ಟು ಹಿಂದೆಯೇ ಆಗಿತ್ತು. ಲಂಡನ್ನಿನ ಚಿಲ್ಲರೆ ವ್ಯಾಪಾರಿಗೆ ದೊರೆಯುತ್ತಿದ್ದ ಈ ಸೌಲಭ್ಯ ಹೈದರಾಬಾದಿನ ಅರಸನಿಗೆ ದೊರೆಯಲಿಲ್ಲ.

1853ರಲ್ಲಿ ಕರ್ನಲ್ ಲೋ ರೆಸಿಡೆಂಟನಾಗಿ ಬಂದು ಒಪ್ಪಂದದ ಮಸೂದೆಯನ್ನು ಮುಂದಿಟ್ಟನು. ಪ್ರದೇಶವನ್ನು ಬಿಟ್ಟುಕೊಡುವುದೂ ಸೈನ್ಯವನ್ನು ವಿಸರ್ಜಿಸುವುದೂ ಅರಸನಿಗೆ ಅಪಮಾನವೆಂದು ನಾಸಿರುದ್ದೌಲನು ಲೋನಿಗೆ ಹೇಳಿದನು. ಶಾಶ್ವತವಾಗಿ ಎಂಬ ಮಾತನ್ನು ಮಸೂದೆಯಿಂದ ತೆಗೆಸುವಷ್ಟಕ್ಕೆ ಅವನ ಪ್ರತಿಭಟನೆ ಫಲಿಸಿತು. ಸಹಿಗೆ ಕೆಲವೇ ದಿನಗಳ ಮುಂಚೆ ರೆಸಿಡೆಂಟನ ಸಹಾಯಕನಾಗಿದ್ದ ಮೇಜರ್ ಕತ್ಬರ್ಟ್ ಡೇವಿಡ್‌ಸನ್ನನು ದಿವಾನ ಸಿರಾಜುಲ್‌ಮುಲ್ಕನಿಗೆ ಒಂದು ಚೀಟಿ ಬರೆದು, ಮಾತುಕತೆ ಮುರಿದರೆ ದಂಡು ಚಲಿಸುವುದೆಂದು ಸೂಚಿಸಿದನು. 1853ರ ಮೇ 21ರಂದು ನಿಜಾಮನ ಸಹಿ ಬಿದ್ದಿತು. ವರ್ಷಕ್ಕೆ 50 ಲಕ್ಷ ಹುಟ್ಟುವಳಿಯೆಂದು ಅಂದಾಜಾಗಿದ್ದ ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಪ್ರದೇಶಗಳು ಕಂಪನಿಯ ವಶವಾದವು. ಸಿರಾಜುಲ್‌ಮುಲ್ಕನು ಅದೇ ತಿಂಗಳು ತೀರಿಕೊಂಡನು. ಅವನ ಸಹೋದರನ ಮಗ ಇಪ್ಪತ್ತನಾಲ್ಕು ವರ್ಷದ ಸಾಲಾರ್ ಜಂಗನು ದಿವಾನನಾದನು.

ಈ ಒಪ್ಪಂದದಲ್ಲಿ ನಿಜಾಮನ ಪಾಲಿಗೆ ಬೆಲೆಯುಳ್ಳದ್ದೆಂದರೆ ಒಂದು ಕಲಮು. ಈ ಪ್ರದೇಶಗಳ ಆದಾಯ-ವೆಚ್ಚಗಳ ನಿಜವಾದ ಲೆಕ್ಕವನ್ನು ರೆಸಿಡೆಂಟನು ವರ್ಷವರ್ಷವೂ ಒಪ್ಪಿಸಬೇಕು, ಉಳಿಕೆಯನ್ನು ನಿಜಾಮನಿಗೆ ಕೊಡಬೇಕು. ಮಿತಾಕ್ಷರೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಆಧಿ, ಎಂದರೆ ಅಡವು. ಅಡವಿಟ್ಟ ಭೂಮಿಯ ಹುಟ್ಟುವಳಿಯಿಂದಲೇ ಸಾಲ ಕರಗುವ ಬಗೆಯೊಂದನ್ನು ಯಾಜ್ಞವಲ್ಕ್ಯನು ಹೇಳುತ್ತಾನೆ. ಇಮ್ಮಡಿಯಾದ ಸಾಲಕ್ಕೆ ಸಮನಾದ ಹಣವು ಅಡವಿನಿಂದ ಸಾಹುಕಾರನಿಗೆ ಸಂದ ಮೇಲೆ ಅವನು ಅಡವನ್ನು ಬಿಡಲೇಬೇಕು. ಇಂಥ ಅಡವಿಗೆ ಜೀವಾಳ ಲೆಕ್ಕವೇ. ಸಂದದ್ದೆಷ್ಟೆಂದು ಗೊತ್ತಾಗದೆ ಹೋದರೆ ಬಿಡುಗಡೆಯ ದಿನವೆಂಬುದೇ ಇರುವುದಿಲ್ಲ.

ರಾಯಚೂರು ದೋಆಬಿನ ಬ್ರಿಟಿಷ್ ಆಡಳಿತದ ಬಗ್ಗೆ ನಮಗೆ ಹೆಚ್ಚು ತಿಳಿದಿರುವುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯಿಂದ. 1841ರಿಂದ 1853ರವರೆಗೆ ಅವನು ಸುರಪುರದಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದು, ಆ ಸಂಸ್ಥಾನದ ಸಾಲಗಳನ್ನು ತೀರಿಸುವ ಕೆಲಸದಲ್ಲಿಯೇ ಬಹುಪಾಲು ತೊಡಗಿದ್ದನು. 1853ರಲ್ಲಿ ಅವನಿಗೆ ನಳದುರ್ಗದ ಕಡೆಯ ಆಡಳಿತವೂ 1858ರಲ್ಲಿ ದೋಆಬಿನ ಆಡಳಿತವೂ ದೊರೆತವು. ಅವನಿಗೆ ಜನರ ಮೇಲೆ ಪ್ರೀತಿಯಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುದಗಲ್ಲಿನ ಅಥವಾ ಮಾನ್ವಿಯ ರೈತನು ಏಳು ವರ್ಷ ಕಟ್ಟಿದ ಕಂದಾಯವು ತನ್ನ ಅರಸನ ಯಾವ ಸಾಲಕ್ಕೆ ಜಮೆಯಾಯಿತೆಂಬುದನ್ನು ಅವನಿಗೆ ತಿಳಿಸಿದವರಿಲ್ಲ.

ಸಾಲಾರ್ ಜಂಗನು ಈ ಲೆಕ್ಕದ ಬೆನ್ನು ಬಿಡಲಿಲ್ಲ. ಅಬಕಾರಿಯ ಮಾತನ್ನು ಅವನು ಪತ್ರವ್ಯವಹಾರದಲ್ಲಿ ಮತ್ತೆ ಮತ್ತೆ ಎತ್ತಿದನು. ಅಷ್ಟರಲ್ಲಿ ರೆಸಿಡೆಂಟನ ಪೀಠಕ್ಕೆ ಬಂದಿದ್ದವನು 1853ರಲ್ಲಿ ದಂಡಿನ ಬೆದರಿಕೆಯ ಚೀಟಿ ಬರೆದ ಡೇವಿಡ್‌ಸನ್ನನೇ. 1860ರ ಅಕ್ಟೋಬರಿನಲ್ಲಿ ಕಲ್ಕತ್ತೆಗೆ ಬರೆದ ಪತ್ರದಲ್ಲಿ ಅವನು, ಎರಡು ಸರ್ಕಾರಗಳ ಹಣದ ಬೇಡಿಕೆಗಳನ್ನು ನಿಷ್ಪಕ್ಷಪಾತವಾಗಿ ನೋಡಿದ್ದರೆ ಆ 43 ಲಕ್ಷವನ್ನು ನಿಜಾಮನಿಂದ ಕೇಳುವ ನ್ಯಾಯವಾದ ಹಕ್ಕು ನಮಗಿರಲಿಲ್ಲವೆಂಬುದು ತನ್ನ ಸದಾಕಾಲದ ಅಭಿಪ್ರಾಯವೆಂದು ಹೇಳಿದನು. ರೆಸಿಡೆಂಟ್ ಜೇಮ್ಸ್ ಸ್ಟುವರ್ಟ್ ಫ್ರೇಜರನ ಮಗ ಹೇಸ್ಟಿಂಗ್ಸ್ ಫ್ರೇಜರನು 1865ರಲ್ಲಿ ಪ್ರಕಟಿಸಿದ ಗ್ರಂಥವು ಈ ಸಾಲದ ವಿವಾದವನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು. ಸದಾಕಾಲದ ಅಭಿಪ್ರಾಯವೆಂಬ ಮಾತನ್ನು ಓದುವಾಗ ಏಳು ವರ್ಷ ಹಿಂದಿನ ಆ ಚೀಟಿ ನೆನಪಾಗದಿರದು. ವಸೂಲಿಗೆ ಹೋದವನಿಗೆ ಸಾಲ ಸುಳ್ಳೆಂದು ಗೊತ್ತಿದ್ದಿತು. ಕೇಳಬೇಕಾದವರು ಕೇಳಬೇಕಾದ ಹೊತ್ತಿಗೆ ಅವನನ್ನು ಕೇಳಲಿಲ್ಲ.

1860ರ ಡಿಸೆಂಬರಿನಲ್ಲಿ ಅಫ್ಜಲುದ್ದೌಲನೊಡನೆ ಹೊಸ ಒಪ್ಪಂದವಾಯಿತು. ಐವತ್ತು ಲಕ್ಷದ ಸಾಲವನ್ನು ಮನ್ನಾ ಮಾಡಲಾಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವಗಳು ಹಿಂದಿರುಗಿದವು. 1858ರ ದಂಗೆಯಲ್ಲಿ ರಾಜಾ ವೆಂಕಟಪ್ಪ ನಾಯಕನ ಅವಸಾನದೊಡನೆ ವಶಪಡಿಸಿಕೊಂಡಿದ್ದ ಸುರಪುರವನ್ನೂ ನಿಜಾಮನಿಗೇ ಕೊಡಲಾಯಿತು. 1857ರ ನಿಷ್ಠೆಗೆ ಸಂದ ಬಹುಮಾನವೆಂದೇ ಇದನ್ನೆಲ್ಲ ನಮ್ಮ ಪಠ್ಯಪುಸ್ತಕಗಳು ವರ್ಣಿಸುತ್ತವೆ. ಮನ್ನಾ ಎಂಬ ಪದವನ್ನು ಇಲ್ಲಿ ನಿಲ್ಲಿಸಿ ನೋಡಬೇಕು. ಇಲ್ಲದ ಸಾಲವನ್ನು ಮನ್ನಾ ಮಾಡಲು ಬರುವುದಿಲ್ಲ. ಮನ್ನಾ ಪಡೆದವನು ಸಾಲವಿತ್ತೆಂದು ಒಪ್ಪಿದಂತೆಯೇ. ಸಾಲಾರ್ ಜಂಗನು ಕೇಳುತ್ತಿದ್ದ ಪರಿಶೀಲನೆಗೆ ಬದಲಾಗಿ ಕೃಪೆಯನ್ನು ಕೊಡಲಾಯಿತು.

ಅದೇ ಒಪ್ಪಂದದಲ್ಲಿ, ಉಳಿಸಿಕೊಂಡ ಬೇರಾರಿನ ಆದಾಯ-ವೆಚ್ಚಗಳ ಲೆಕ್ಕವನ್ನು, ಹಿಂದಿನದಾಗಲಿ ಇಂದಿನದಾಗಲಿ ಮುಂದಿನದಾಗಲಿ, ನಿಜಾಮನು ಕೇಳುವುದಿಲ್ಲವೆಂದು ಬರೆಯಿಸಿಕೊಳ್ಳಲಾಯಿತು. ವೆಚ್ಚ ಹೋಗಿ ಉಳಿಕೆಯಿದ್ದರೆ ಕೊಡುತ್ತೇವೆ, ಉಳಿಕೆ ಎಷ್ಟೆಂಬುದನ್ನು ನಾವು ಹೇಳಿದಂತೆ ನಂಬಬೇಕು ಎಂಬುದು ಅದರ ಅರ್ಥ. ರಾಯಚೂರು ನಮಗೆ ಮರಳಿ ಬಂದುದಕ್ಕೆ ತೆತ್ತ ಬೆಲೆಯಲ್ಲಿ ಲೆಕ್ಕ ಕೇಳುವ ಈ ಹಕ್ಕೂ ಸೇರಿತ್ತೆಂಬುದನ್ನು ಕನ್ನಡದ ಚರಿತ್ರಕಾರರು ಗಮನಿಸಿದಂತೆ ಕಾಣುವುದಿಲ್ಲ. ಸಾಲಾರ್ ಜಂಗನು 1876ರಲ್ಲಿ ಇಂಗ್ಲೆಂಡಿನವರೆಗೂ ಹೋಗಿ ಬಂದರೂ ಬೇರಾರ್ ಮರಳಲಿಲ್ಲ. 1902ರಲ್ಲಿ ಕರ್ಜನ್ನನು ವರ್ಷಕ್ಕೆ 25 ಲಕ್ಷ ರೂಪಾಯಿಗಳಿಗೆ ಅದನ್ನು ಕಾಯಂ ಗುತ್ತಿಗೆಯಾಗಿ ಬರೆಯಿಸಿಕೊಂಡನು.

ರೆಸಿಡೆನ್ಸಿಯ ಹೊರಗೆ ಹೈದರಾಬಾದು ನಗರದಲ್ಲಿ ಇದೇ ಕಥೆ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿತ್ತು. ಅರಬ್ಬ ಜಮಾದಾರರು ಸಾಲವನ್ನೂ ಕೊಡುತ್ತಿದ್ದರು, ಇತರ ಸಾಹುಕಾರರ ಪರವಾಗಿ ವಸೂಲಿಯನ್ನೂ ಮಾಡುತ್ತಿದ್ದರು. ಅವರಲ್ಲಿ ಕೆಲವರಿಗೆ ಸ್ವಂತ ಸೆರೆಮನೆಗಳೇ ಇದ್ದವು. ಬಾಗಿಲಲ್ಲಿ ಶಸ್ತ್ರಧಾರಿಯನ್ನು ಕೂರಿಸಿ ಅವನ ಊಟದ ಖರ್ಚನ್ನೂ ಸಾಲಗಾರನ ತಲೆಗೇ ಕಟ್ಟುವ ಪದ್ಧತಿ ದಖ್ಖನಿನಲ್ಲಿ ಅಪರೂಪವಾಗಿರಲಿಲ್ಲ. ಸಾಲಾರ್ ಜಂಗನು ಈ ಖಾಸಗಿ ವಸೂಲಿಯನ್ನು ಅಡಗಿಸಿ, ಅರಬ್ಬರಿಗೂ ಸಾಹುಕಾರರಿಗೂ ಅಡವಾಗಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಂಡನು. ತನ್ನ ಮೇಲಿನವರಿಂದ ಲೆಕ್ಕ ಪಡೆಯಲಾರದವನು ತನ್ನ ಕೆಳಗಿನವರಿಗೆ ಲೆಕ್ಕವನ್ನು ಕಡ್ಡಾಯ ಮಾಡಿದ್ದು ಸಣ್ಣ ಸಾಧನೆಯೇನಲ್ಲ. ಲೇವಾದೇವಿ ವ್ಯಾಪಾರವನ್ನು ಸನ್ನದಿಗೆ ಒಳಪಡಿಸುವ ಕಾಯಿದೆ ಸಂಸ್ಥಾನದಲ್ಲಿ ಬಂದದ್ದು 1349 ಫಸಲಿಯಲ್ಲಿ, ಎಂದರೆ 1939-40ರಲ್ಲಿ.

ನನ್ನ ಕಾಗದದ ವಿಷಯ. ಅಮೆರಿಕದಲ್ಲಿ 1977ರ ಕಾಯಿದೆಯಂತೆ, ವಸೂಲಿದಾರನ ಸೂಚನೆ ತಲಪಿದ ಮೂವತ್ತು ದಿನಗಳೊಳಗೆ ಸಾಲಗಾರನು ಬರವಣಿಗೆಯಲ್ಲಿ ತಕರಾರು ಮಾಡಿದರೆ, ಆಧಾರವನ್ನು ಒದಗಿಸುವವರೆಗೆ ವಸೂಲಿ ನಿಲ್ಲಬೇಕು. ನಮ್ಮಲ್ಲಿ ಆ ಹೆಸರಿನ ಹಕ್ಕಿಲ್ಲದಿದ್ದರೂ ವಸೂಲಿದಾರರ ವಿವರವನ್ನು ಸಾಲಗಾರನಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2008ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಸಾಲಗಾರನ ದೂರೊಂದು ಇತ್ಯರ್ಥವಾಗದೆ ಇರುವಾಗ, ಅದು ನಿರಾಧಾರವೆಂದು ಮನವರಿಕೆಯಾದ ಹೊರತು, ಪ್ರಕರಣವನ್ನು ಅವರ ಕೈಗೆ ಒಪ್ಪಿಸಬಾರದೆಂದೂ ಹೇಳಿತು. 1963ರ ಕಾಲಮಿತಿ ಕಾಯಿದೆಯಲ್ಲಿ ವಿಜ್ಞಾನೇಶ್ವರನ ಹೊಸ್ತಿಲು ಇನ್ನೂ ಹಾಗೆಯೇ ಇದೆ. ಅವಧಿ ಮುಗಿಯುವ ಮೊದಲು ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ, ಅಥವಾ ಸಹಿಯೊಡನೆ ಒಂದು ಭಾಗ ಕಟ್ಟಿದರೆ, ಕಾಲವು ಆ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. 'ಈಗ ಸ್ವಲ್ಪ ಕಟ್ಟಿಬಿಡಿ' ಎಂಬ ಮಾತಿನ ತೂಕ ಅಷ್ಟಿದೆ. ಆ ತರುಣನಿಗೆ ಇದು ತಿಳಿದಿತ್ತೋ ಇಲ್ಲವೋ.

ನಾನು ಏನನ್ನೂ ಒಪ್ಪದೆ, ಏನನ್ನೂ ಅಲ್ಲಗಳೆಯದೆ, ಮೂಲಪತ್ರದ ನಕಲು, ಕಂತುಗಳ ಪೂರ್ಣ ಲೆಕ್ಕ, ವಸೂಲಿಗೆ ಅವರಿಗಿರುವ ಅಧಿಕಾರಪತ್ರ ಇವನ್ನು ಕೇಳಿ ಬ್ಯಾಂಕಿಗೂ ಸಂಸ್ಥೆಗೂ ನೋಂದಾಯಿತ ಅಂಚೆಯಲ್ಲಿ ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂದಿತು. ಜಾಮೀನಿನ ಸಹಿ ನನ್ನದೇ. ಅಣ್ಣನು ಕಡೆಯ ವರ್ಷ ಕಟ್ಟಿದ್ದ ಎರಡು ಕಂತುಗಳು ಜಮೆಯಾಗಿರಲಿಲ್ಲ. ಅವುಗಳ ರಸೀದಿಗಳನ್ನು ಅತ್ತಿಗೆ ದೇವರ ಕೋಣೆಯ ಪೆಟ್ಟಿಗೆಯಿಂದ ಹುಡುಕಿ ತೆಗೆದರು. ಉಳಿದದ್ದು ನಿಜವಾದ ಸಾಲವೇ ಆಗಿದ್ದುದರಿಂದ ಅದನ್ನು ಕಟ್ಟಿದೆ. ಸಾಲ ತೀರಿದ ಮೇಲೆ ಪತ್ರವನ್ನು ಹರಿಯಬೇಕೆಂಬ ವಿಧಿಯಂತೆ ಮೂಲ ಜಾಮೀನುಪತ್ರವನ್ನು ಹಿಂದಿರುಗಿಸಬೇಕೆಂದು ಮತ್ತೆ ಬರೆದಿದ್ದೇನೆ. ಅದಿನ್ನೂ ಬಂದಿಲ್ಲ.